ಕಿತ್ತ ಮೇಲೂ ಬಿಡದ ಹೆಡ್‌ಫೋನು

ಹೆಡ್‌ಫೋನು ಹಾಕಿಕೊಂಡು ಪಾಠ ಕೇಳಿದ್ದಾಯಿತು. ಪಿನ್ನು ಕಿತ್ತು ತಂತಿ ಸುತ್ತಿಟ್ಟದ್ದೂ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹಚ್ಚಿದರೆ ಚಿತ್ರ ಓಡುತ್ತಿದೆ, ತುಟಿ ಆಡುತ್ತಿದೆ, ದನಿ ಮಾತ್ರ ಇಲ್ಲ. ವಾಲ್ಯೂಮನ್ನು ನೂರಕ್ಕೆ ಏರಿಸಿದರೂ ಇಲ್ಲ. ಅನುಮಾನ ಬಂದು ಮತ್ತೆ ಹೆಡ್‌ಫೋನು ಚುಚ್ಚಿದರೆ ಅದರಲ್ಲಿ ಚೆನ್ನಾಗಿಯೇ ಕೇಳುತ್ತದೆ. ಕಿತ್ತರೆ ಪುನಃ ಮೌನ.

ಆಮೇಲೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ‘ಸ್ಪೀಕರು ಹೋಯಿತು’ ಎಂದು ಮಗ ತೀರ್ಪು ಕೊಡುತ್ತಾನೆ. ‘ಮೂರು ಹೊತ್ತೂ ಕಿವಿಗೆ ಸಿಕ್ಕಿಸಿಕೊಂಡು ಕೂತರೆ ಇನ್ನೇನಾದೀತು’ ಎಂದು ಅಪ್ಪ. ಲ್ಯಾಪ್‌ಟಾಪು ಚೀಲ ಸೇರಿ ಪೇಟೆಗೆ ಹೊರಡುತ್ತದೆ. ರಿಪೇರಿ ಅಂಗಡಿಯ ಹುಡುಗ ಎರಡು ನಿಮಿಷ ಅತ್ತಿತ್ತ ನೋಡಿ, ‘ಬೋರ್ಡ್ ನೋಡ್ಬೇಕು ಸಾರ್, ಬಿಟ್ಟು ಹೋಗಿ’ ಎನ್ನುತ್ತಾನೆ. ಇಲ್ಲವೇ ‘ಒಂದ್ಸಲ ಫಾರ್ಮ್ಯಾಟ್ ಹೊಡೆದು ನೋಡೋಣ’ ಎನ್ನುತ್ತಾನೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ; ಎರಡನೆಯದರಲ್ಲಿ ಮಗಳು ಮೂರು ತಿಂಗಳು ಕೂತು ಬರೆದ ಪ್ರಾಜೆಕ್ಟ್ ವರದಿಯೇ ಹೋಗಬಹುದು.

ಇಂಥ ಪ್ರಸಂಗದಲ್ಲಿ ಸ್ಪೀಕರು ಸಾಮಾನ್ಯವಾಗಿ ನಿರಪರಾಧಿ. ಹೆಡ್‌ಫೋನಿನಲ್ಲಿ ದನಿ ಬರುತ್ತಿದೆ ಎಂದರೆ ಲ್ಯಾಪ್‌ಟಾಪಿನೊಳಗಿನ ಧ್ವನಿಯ ಕಾರ್ಖಾನೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಸರಕು ತಯಾರಾಗುತ್ತಿದೆ, ಹೋಗುತ್ತಿರುವ ವಿಳಾಸ ತಪ್ಪಾಗಿದೆ. ಕಿತ್ತ ಪಿನ್ನು ಇನ್ನೂ ತೂತಿನೊಳಗೇ ಇದೆ ಎಂದು ಯಂತ್ರ ನಂಬಿ ಕುಳಿತಿದೆ. ಆ ನಂಬಿಕೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ. ಅದಕ್ಕೆ ಮೊದಲು ಆ ತೂತಿನ ಪೂರ್ವೋತ್ತರ ಸ್ವಲ್ಪ ತಿಳಿದಿರಬೇಕು.

ಹೆಡ್‌ಫೋನಿನ ಪಿನ್ನು ಹೋಗಿ ಕೂರುವ ಕಿಂಡಿಗೆ ಜ್ಯಾಕು ಎಂಬ ಹೆಸರು ಬಂದದ್ದು ಟೆಲಿಫೋನ್ ವಿನಿಮಯ ಕೇಂದ್ರದಿಂದ. 1878ರಲ್ಲಿ ಅಮೆರಿಕದ ಚಾರ್ಲ್ಸ್ ಸ್ಕ್ರಿಬ್ನರ್ ಎಂಬಾತ ಸ್ವಿಚ್‌ಬೋರ್ಡಿಗಾಗಿ ಒಂದು ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಸ್ಪ್ರಿಂಗಿನ ಬಲದಿಂದ ಒಂದು ಕಡೆಗೆ ಒತ್ತಿಕೊಂಡಿರುವ ಲೋಹದ ಸನ್ನೆ. ಆಪರೇಟರ್ ತೂತಿನೊಳಗೆ ಪಿನ್ನು ತೂರಿಸಿದೊಡನೆ ಸನ್ನೆ ಪಕ್ಕಕ್ಕೆ ಸರಿದು ಹಳೆಯ ಸಂಪರ್ಕ ಕಡಿದು ಹೊಸದು ಕೂಡುತ್ತಿತ್ತು. ನೋಡಲು ಮಡಚುವ ಚಾಕುವಿನಂತಿದ್ದುದರಿಂದ, ಇಂಗ್ಲಿಷಿನಲ್ಲಿ ಆ ಚಾಕುವಿಗಿರುವ ‘ಜ್ಯಾಕ್ ನೈಫ್’ ಎಂಬ ಹೆಸರೇ ಇದಕ್ಕೂ ಅಂಟಿತು. ಅಂದಿನ ಕಾಲು ಅಂಗುಲದ, ಅಂದರೆ 6.35 ಮಿಲಿಮೀಟರ್ ದಪ್ಪದ ಪಿನ್ನನ್ನು ಇಂದಿಗೂ ಗಿಟಾರಿನಲ್ಲಿ, ಊರ ಜಾತ್ರೆಯ ಮೈಕ್‌ಸೆಟ್ಟಿನಲ್ಲಿ ನೋಡಬಹುದು. ಲ್ಯಾಪ್‌ಟಾಪಿನ 3.5 ಮಿಲಿಮೀಟರ್ ಪಿನ್ನು ಅದರ ಕಿರಿಯ ತಮ್ಮ. ಟ್ರಾನ್ಸಿಸ್ಟರ್ ರೇಡಿಯೊಗಳ ಇಯರ್‌ಫೋನಿನೊಂದಿಗೆ ಮನೆಮನೆ ಹೊಕ್ಕಿದ್ದು.

ಟ್ರಾನ್ಸಿಸ್ಟರ್ ಕಂಡ ಅಜ್ಜಂದಿರಿಗೆ ಇದು ಗೊತ್ತೇ ಇದೆ. ಕಚೇರಿಯಲ್ಲಿ ಕದ್ದು ಕ್ರಿಕೆಟ್ ಕಾಮೆಂಟರಿ ಕೇಳಲು ಇಯರ್‌ಫೋನು ಚುಚ್ಚಿದರೆ ರೇಡಿಯೊದ ಸ್ಪೀಕರು ತಾನಾಗಿ ಬಾಯಿ ಮುಚ್ಚುತ್ತಿತ್ತು. ಅದರೊಳಗೆ ಮಂತ್ರವೇನೂ ಇರಲಿಲ್ಲ. ಸ್ಪೀಕರಿಗೆ ಹೋಗುವ ದಾರಿಯೇ ಒಂದು ತೆಳು ಲೋಹದ ಪಟ್ಟಿಯ ಮೂಲಕ ಹಾಯುತ್ತಿತ್ತು. ಪಿನ್ನು ಒಳಬಂದು ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದರೆ ದಾರಿ ತುಂಡು. ಪಿನ್ನು ಹೊರಬಂದರೆ ಪಟ್ಟಿ ಪುಟಿದು ಸ್ವಸ್ಥಾನ ಸೇರಿ ದಾರಿ ಪುನಃ ಕೂಡುತ್ತಿತ್ತು. ಪಟ್ಟಿ ಪುಟಿಯುವ ಗುಣ ಕಳೆದುಕೊಂಡರೆ, ಇಲ್ಲವೇ ಅದರ ಮೇಲೆ ಕಿಲುಬು ಕಟ್ಟಿದರೆ ರೇಡಿಯೊ ಮೂಕವಾಗುತ್ತಿತ್ತು. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ, ಬ್ಲೇಡಿನಿಂದ ಪಟ್ಟಿ ಕೆರೆದು, ಚೂರು ಬಗ್ಗಿಸಿ, ಟೀ ಕಾಸು ತೆಗೆದುಕೊಂಡು ಕಳಿಸುತ್ತಿದ್ದ. ಕೆಡುವ ಜಾಗ ಒಂದೇ, ಸರಿಪಡಿಸುವ ಜಾಗವೂ ಅದೇ.

ಲ್ಯಾಪ್‌ಟಾಪಿನ ಜ್ಯಾಕಿನಲ್ಲೂ ಇಂಥದೊಂದು ಪುಟ್ಟ ಪಟ್ಟಿ ಇದೆ. ಆದರೆ ಈಗ ಸಾಮಾನ್ಯವಾಗಿ ಅದರ ಮೂಲಕ ಸ್ಪೀಕರಿನ ಧ್ವನಿ ಹಾಯುವುದಿಲ್ಲ. ಅದರ ಕೆಲಸ ಸುದ್ದಿ ಮುಟ್ಟಿಸುವುದಷ್ಟೆ: ‘ಪಿನ್ನು ಬಂತು’, ‘ಪಿನ್ನು ಹೋಯಿತು’. ಸುದ್ದಿ ಕೇಳಿಸಿಕೊಳ್ಳುವುದು ಆಡಿಯೊ ಕೋಡೆಕ್ ಎಂಬ ಚಿಪ್ಪು. ಅಂಕಿಗಳ ರೂಪದಲ್ಲಿರುವ ಹಾಡನ್ನು ಸ್ಪೀಕರಿಗೆ ತಿಳಿಯುವ ವಿದ್ಯುತ್ ಅಲೆಯಾಗಿ ಬದಲಿಸುವುದು ಇದೇ ಚಿಪ್ಪು. ತೈವಾನಿನ ರಿಯಲ್‌ಟೆಕ್ ಕಂಪನಿಯ ಕೋಡೆಕ್‌ಗಳು ಲ್ಯಾಪ್‌ಟಾಪುಗಳಲ್ಲಿ ಬಹಳ ಸಾಮಾನ್ಯ. ಚಿಪ್ಪಿನ ಬೆನ್ನ ಮೇಲೆ ಪುಟ್ಟ ಏಡಿಯ ಚಿತ್ರ ಕಂಡರೆ ಅದು ಆ ಕಂಪನಿಯದು.

ಕೋಡೆಕ್ಕಿಗೆ ಸುದ್ದಿ ಮುಟ್ಟುವ ಬಗೆ ಪಿಯುಸಿಯಲ್ಲಿ ಭೌತವಿಜ್ಞಾನ ಓದುವವರಿಗೆ ಒಂದು ಒಳ್ಳೆಯ ಲೆಕ್ಕ. 2004ರಲ್ಲಿ ಇಂಟೆಲ್ ರೂಪಿಸಿದ ‘ಹೈ ಡೆಫಿನಿಷನ್ ಆಡಿಯೊ’ ವ್ಯವಸ್ಥೆಯನ್ನು ಅನುಸರಿಸುವ ಯಂತ್ರಗಳಲ್ಲಿ ಹಲವು ತೂತುಗಳಿರಬಹುದು. ಹೆಡ್‌ಫೋನಿಗೆ ಒಂದು, ಮೈಕಿಗೆ ಒಂದು, ಹೊರಗಿನ ಸ್ಪೀಕರಿಗೆ ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಎಳೆಯುವ ಬದಲು ಎಲ್ಲವನ್ನೂ ಒಂದೇ ತಂತಿಗೆ ಪೋಣಿಸಿ, ಒಂದೊಂದು ತೂತಿಗೆ ಒಂದೊಂದು ಬೆಲೆಯ ರೋಧಕ ಇಡುತ್ತಾರೆ: ಸಾಮಾನ್ಯವಾಗಿ 39.2, 20, 10 ಮತ್ತು 5.1 ಕಿಲೋ ಓಮ್. ಈ ವಿಚಿತ್ರ ಅಂಕಿಗಳೇ ಏಕೆ? ಸಮಾಂತರವಾಗಿ ಜೋಡಿಸಿದಾಗ ಕೂಡುವುದು ರೋಧವಲ್ಲ, ಅದರ ವಿಲೋಮವಾದ ವಾಹಕತೆ. ಈ ನಾಲ್ಕರ ವಾಹಕತೆಗಳು ಸರಿಸುಮಾರು 1, 2, 4, 8ರ ಅನುಪಾತದಲ್ಲಿವೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 1, 2, 4, 8ರ ಬಟ್ಟುಗಳಿದ್ದು ಒಟ್ಟು ತೂಕ 5 ಎಂದು ತಿಳಿದರೆ, ತಟ್ಟೆಯಲ್ಲಿರುವುದು 1 ಮತ್ತು 4ರ ಬಟ್ಟು ಎಂದು ನೋಡದೆಯೇ ಹೇಳಬಹುದಷ್ಟೆ? ಕೋಡೆಕ್ಕು ಮಾಡುವುದೂ ಅದನ್ನೇ. ಒಂದು ಅಳತೆ, ಅದರಿಂದ ಯಾವ ಯಾವ ತೂತು ತುಂಬಿದೆ ಎಂಬ ನಿರ್ಣಯ. ಒಂದೇ ತೂತಿರುವ ಲ್ಯಾಪ್‌ಟಾಪಿನಲ್ಲೂ ಇದೇ ಉಪಾಯ ಮುಂದುವರಿದಿದೆ.

ಕೋಡೆಕ್ಕು ಈ ಸುದ್ದಿಯನ್ನು ಡ್ರೈವರ್ ಎಂಬ ತಂತ್ರಾಂಶಕ್ಕೆ ದಾಟಿಸುತ್ತದೆ, ಡ್ರೈವರು ವಿಂಡೋಸ್‌ಗೆ, ವಿಂಡೋಸು ಪಾಠ ಹೇಳುತ್ತಿರುವ ಜೂಮ್‌ಗೋ ಬ್ರೌಸರಿಗೋ. ಸ್ಪೀಕರಿನ ಬಾಯಿ ಮುಚ್ಚಿಸುವ ಆಜ್ಞೆ ಹೊರಡುವುದು ಈ ಸರಪಳಿಯಿಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವು ಇವೆಲ್ಲ. ಕೆಳಗಿನ ಪಟ್ಟಿ ‘ಪಿನ್ನು ಇದೆ’ ಎಂದು ಸುಳ್ಳು ಹೇಳಿದರೆ ಮೇಲಿನವರು ಯಾರೂ ಎದ್ದುಹೋಗಿ ನೋಡಿ ಬರುವುದಿಲ್ಲ. ಪಟ್ಟಿ ಸತ್ಯವನ್ನೇ ಹೇಳಿದರೂ ನಡುವೆ ಯಾರಾದರೂ ಕೇಳಿಸಿಕೊಳ್ಳದೆ ಹೋದರೆ ಫಲ ಒಂದೇ. ಟ್ರಾನ್ಸಿಸ್ಟರಿನಲ್ಲಿ ಒಂದೇ ಕಡೆ ಇದ್ದ ರೋಗ ಈಗ ನಾಲ್ಕೈದು ಕಡೆ ಅಡಗಬಹುದು. ಸಮಾಧಾನದ ಸಂಗತಿಯೆಂದರೆ, ಅವುಗಳಲ್ಲಿ ಬಹುಪಾಲನ್ನು ಸ್ಕ್ರೂ ಡ್ರೈವರ್ ಮುಟ್ಟದೆ ಮನೆಯಲ್ಲೇ ಹಿಡಿಯಬಹುದು.

ಮೊದಲು ಯಂತ್ರ ಏನು ನಂಬಿಕೊಂಡಿದೆ ಎಂದು ಅದರ ಬಾಯಿಂದಲೇ ಕೇಳಬೇಕು. ಹೆಡ್‌ಫೋನು ಕಿತ್ತಿಟ್ಟು, ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರಿನ ಚಿಹ್ನೆಯನ್ನು ಒತ್ತಿ. ವಿಂಡೋಸ್ 11ರಲ್ಲಾದರೆ ವಾಲ್ಯೂಮಿನ ಗೆರೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಗುರುತಿದೆ. ಅದನ್ನು ಒತ್ತಿದರೆ ಧ್ವನಿ ಹೋಗಬಹುದಾದ ವಿಳಾಸಗಳ ಪಟ್ಟಿ ತೆರೆಯುತ್ತದೆ. ವಿಂಡೋಸ್ 10ರಲ್ಲಿ ವಾಲ್ಯೂಮಿನ ಗೆರೆಯ ಮೇಲೆ ಕಾಣುವ ಹೆಸರನ್ನೇ ಒತ್ತಬೇಕು. (ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಅಣ್ಣನಿಂದ ತಮ್ಮನಿಗೆ ಬಂದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದೇ ಇದೆ.) ಪಟ್ಟಿಯಲ್ಲಿ ‘ಸ್ಪೀಕರ್ಸ್’ ಎಂಬುದನ್ನು ಆರಿಸಿದೊಡನೆ ದನಿ ಬಂದರೆ ಕಥೆ ಅಲ್ಲಿಗೆ ಮುಗಿಯಿತು.

ಕಿತ್ತ ಮೇಲೂ ‘ಹೆಡ್‌ಫೋನ್ಸ್’ ಎಂದೇ ತೋರಿಸುತ್ತಿದ್ದರೆ ಸುದ್ದಿ ಕೆಳಗಡೆ, ತೂತಿನ ಹತ್ತಿರವೋ ಡ್ರೈವರಿನಲ್ಲೋ ಸಿಕ್ಕಿಕೊಂಡಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡಕ್ಕೂ ಸೇರಿಸಿ ಒಂದೇ ಹೆಸರು ಇರುವುದರಿಂದ ಇದು ತಿಳಿಯುವುದಿಲ್ಲ. ಅಂಥ ಕಡೆ ವಾಲ್ಯೂಮಿನ ಅಂಕಿಯನ್ನು ಗಮನಿಸುವುದು ಒಳ್ಳೆಯದು. ಹಲವು ಯಂತ್ರಗಳು ಹೆಡ್‌ಫೋನಿಗೆ ಒಂದು, ಸ್ಪೀಕರಿಗೆ ಒಂದು ಎಂದು ಪ್ರತ್ಯೇಕ ವಾಲ್ಯೂಮು ನೆನಪಿಟ್ಟುಕೊಳ್ಳುತ್ತವೆ. ಪಿನ್ನು ಹಾಕಿದಾಗ 30, ತೆಗೆದಾಗ 70 ಎಂದು ಅಂಕಿ ತಾನಾಗಿ ಬದಲಾದರೆ ಸುದ್ದಿ ಸರಿಯಾಗಿಯೇ ಮುಟ್ಟುತ್ತಿದೆ.

ಈ ಪ್ರತ್ಯೇಕ ನೆನಪೇ ಒಮ್ಮೊಮ್ಮೆ ಮೌನದ ಕಾರಣವೂ ಹೌದು. ಕಾಲೇಜಿನ ಗ್ರಂಥಾಲಯದಲ್ಲಿ ಸದ್ದಾಗದಿರಲೆಂದು ಹುಡುಗಿ ಸ್ಪೀಕರನ್ನು ಮ್ಯೂಟ್ ಮಾಡಿರುತ್ತಾಳೆ. ಆಮೇಲೆ ವಾರವಿಡೀ ಹೆಡ್‌ಫೋನು. ವಾಲ್ಯೂಮು ಏರಿಸಿದ್ದು ಇಳಿಸಿದ್ದು ಎಲ್ಲ ಹೆಡ್‌ಫೋನಿನ ಲೆಕ್ಕಕ್ಕೆ ಹೋಗಿರುತ್ತದೆ. ವಾರದ ನಂತರ ಪಿನ್ನು ಕಿತ್ತಾಗ ಗ್ರಂಥಾಲಯದ ಆ ಹಳೆಯ ಮೌನ ಎದ್ದು ಕೂರುತ್ತದೆ. ಹೆಡ್‌ಫೋನು ಕಿತ್ತ ಸ್ಥಿತಿಯಲ್ಲೇ ಮ್ಯೂಟ್ ತೆಗೆದು ವಾಲ್ಯೂಮು ಏರಿಸಬೇಕಾದದ್ದು ಇದಕ್ಕಾಗಿ.

ಇನ್ನೊಂದು ಸಾಧ್ಯತೆ ತಮಾಷೆಯದು. ಮನೆಯಲ್ಲಿ ಬ್ಲೂಟೂತ್ ಇಯರ್‌ಬಡ್ಸ್ ಇದ್ದು, ಅವು ಹಿಂದೆಂದೋ ಇದೇ ಲ್ಯಾಪ್‌ಟಾಪಿಗೆ ಜೋಡಣೆಯಾಗಿದ್ದರೆ, ಪಕ್ಕದ ಕೋಣೆಯಲ್ಲಿ ತಂಗಿ ಡಬ್ಬಿ ತೆರೆದೊಡನೆ ಅಣ್ಣನ ರಸಾಯನಶಾಸ್ತ್ರದ ಪಾಠ ಅವಳ ಕಿವಿಗೆ ಹೋಗಬಹುದು. ಬ್ಲೂಟೂತ್ ಆರಿಸಿ ನೋಡಿದರೆ ಇದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಲ್ಯಾಪ್‌ಟಾಪನ್ನು ಟಿವಿಗೋ ಹೊರಗಿನ ಮಾನಿಟರಿಗೋ ಎಚ್‌ಡಿಎಂಐ ತಂತಿಯಿಂದ ಜೋಡಿಸಿದ್ದರೆ ಧ್ವನಿ ಅತ್ತ ಹೋಗಿರಬಹುದು. ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ ಅದು ಹೋಗಿ ಮಣ್ಣುಪಾಲು.

ತಪ್ಪು ವಿಂಡೋಸಿನದೋ, ಪಾಠ ಹೇಳುವ ಆ್ಯಪಿನದೋ ಎಂದು ಬೇರ್ಪಡಿಸಲು ಸುಲಭ ಪರೀಕ್ಷೆಯೊಂದಿದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್ ಎಂದು ಒಳಹೊಕ್ಕು ‘ಸ್ಪೀಕರ್ಸ್’ ಎಂಬ ಹೆಸರನ್ನು ಒತ್ತಿದರೆ ‘ಟೆಸ್ಟ್’ ಎಂಬ ಗುಂಡಿ ಇದೆ. ಅದನ್ನು ಒತ್ತಿದಾಗ ಟಿಣ್ ಎಂದರೆ ಲ್ಯಾಪ್‌ಟಾಪು ಚೆನ್ನಾಗಿದೆ, ಕೋಪವೆಲ್ಲ ಆ್ಯಪಿನ ಮೇಲೆ ತಿರುಗಬೇಕು. ಜೂಮ್‌ನಂಥವು ತಮ್ಮದೇ ಆದ ಸ್ಪೀಕರು ಆಯ್ಕೆ ಇಟ್ಟುಕೊಂಡಿರುತ್ತವೆ. ಹಿಂದೆ ಆರಿಸಿದ ಹೆಡ್‌ಫೋನನ್ನೇ ಹಿಡಿದುಕೊಂಡು ಕೂರುವುದುಂಟು. ಆ ಆಯ್ಕೆಯನ್ನು ‘ಸೇಮ್ ಆ್ಯಸ್ ಸಿಸ್ಟಮ್’ ಎಂದು ಇಟ್ಟರೆ ಮುಂದಿನ ಸಲ ಈ ತಾಪತ್ರಯ ಕಡಿಮೆ. ಬ್ರೌಸರಿನಲ್ಲಿ ಕೇಳುತ್ತಿದ್ದರೆ ಪುಟವನ್ನು ಒಮ್ಮೆ ಮುಚ್ಚಿ ತೆರೆದರೂ ಸಾಕಾಗಬಹುದು.

‘ಟೆಸ್ಟ್’ ಒತ್ತಿದರೂ ಸದ್ದಿಲ್ಲವೇ? ಹಾಗಾದರೆ ತೂತಿನ ಬಳಿಗೆ ಬರಬೇಕು.

ಚೀಲದ ತಳದಲ್ಲಿ ಏನೇನಿರುತ್ತದೆ ಎಂಬುದು ಅಮ್ಮಂದಿರಿಗೆ ಗೊತ್ತು. ಪೆನ್ಸಿಲ್ ಹೆರೆದ ಪುಡಿ, ಚಪಾತಿಯ ಚೂರು, ಬಟ್ಟೆಯ ನವಿರು ಎಳೆ. ಇವೆಲ್ಲ ತೂತಿನ ಬಾಯಲ್ಲಿ ಸೇರುತ್ತವೆ. ಪಿನ್ನು ಅವನ್ನು ಒಳಕ್ಕೆ ಒತ್ತುತ್ತದೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ, ಉಪ್ಪುಗಾಳಿಯ ಕರಾವಳಿಯಲ್ಲಿ ಲೋಹದ ಪಟ್ಟಿಯ ಮೇಲೆ ಕಿಲುಬು ಬೇಗ ಕಟ್ಟುತ್ತದೆ. ಪಟ್ಟಿ ಪುಟಿಯದೆ ಅರ್ಧದಲ್ಲೇ ನಿಂತರೆ, ಇಲ್ಲವೇ ಮುಟ್ಟಿಯೂ ಮುಟ್ಟದಂತಾದರೆ ಸುಳ್ಳು ಸುದ್ದಿ ಹೊರಡುತ್ತದೆ.

ಇದಕ್ಕೆ ಮೊದಲ ಮದ್ದು ನಗು ಬರಿಸುವಷ್ಟು ಸರಳ. ಪಿನ್ನನ್ನು ನೇರವಾಗಿ, ಪೂರ್ತಿಯಾಗಿ ಹಾಕಿ ತೆಗೆಯುವುದು. ಒಂದು ಸಲವಲ್ಲ, ಎಂಟು ಹತ್ತು ಸಲ. ಹಳೆಯ ಕಾಲದ ಪೂಜೆಯಂತೆ ಕಾಣುವ ಈ ಕ್ರಿಯೆಗೆ ಕಾರಣವಿದೆ. ಪಿನ್ನು ಉಜ್ಜಿಕೊಂಡು ಹೋಗುವಾಗ ಪಟ್ಟಿಯ ಮೇಲಿನ ತೆಳು ಕಿಲುಬು ಕೆರೆದುಹೋಗುತ್ತದೆ; ಅಂಟಿಕೊಂಡ ಪಟ್ಟಿ ಸಡಿಲವಾಗುತ್ತದೆ. ಹಾಕಿ ತೆಗೆಯುವಾಗ ಪರದೆಯ ಮೇಲೆ ಹೆಸರೋ ಅಂಕಿಯೋ ಬದಲಾಗುತ್ತದೆಯೇ ಎಂದು ಇನ್ನೊಬ್ಬರು ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ಪಿನ್ನನ್ನು ಬಲವಾಗಿ ತಿರುಚುವುದು, ಓರೆಯಾಗಿ ಒತ್ತುವುದು ಬೇಡ. ಜ್ಯಾಕಿನ ಬೆಸುಗೆ ಬಿಟ್ಟೀತು.

ಫಲವಿಲ್ಲದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಟಾರ್ಚಿನ ಬೆಳಕಿನಲ್ಲಿ ತೂತಿನೊಳಗೆ ನೋಡಬೇಕು. ಆಗಾಗ ಅಲ್ಲೊಂದು ಆಶ್ಚರ್ಯ ಕಾದಿರುತ್ತದೆ: ಮುರಿದ ಪಿನ್ನಿನ ತುದಿ. ಅಗ್ಗದ ಇಯರ್‌ಫೋನಿನ ಪಿನ್ನು ಮುರಿದು ತುದಿ ಒಳಗೇ ಉಳಿದರೆ ಯಂತ್ರದ ನಂಬಿಕೆ ನಂಬಿಕೆಯಲ್ಲ, ಸತ್ಯವೇ! ಅದನ್ನು ತೆಗೆಯಲು ತುದಿಗೆ ಅಂಟು ಹಚ್ಚಿದ ಕಡ್ಡಿ ತೂರಿಸುವ ಉಪಾಯವೊಂದು ಪ್ರಚಾರದಲ್ಲಿದೆ. ಅಂಟು ಒಂದು ತೊಟ್ಟು ಹೆಚ್ಚಾದರೆ ಜ್ಯಾಕೇ ಹೋಯಿತು. ಇದನ್ನು ತಿಳಿದವರ ಕೈಗೆ ಬಿಡುವುದೇ ಲೇಸು.

ಬರೀ ಧೂಳಾದರೆ ಗಡಿಯಾರ ರಿಪೇರಿಯವರು ಬಳಸುವ ರಬ್ಬರ್ ಬುಗ್ಗೆಯಿಂದ ಗಾಳಿ ಊದಬಹುದು. ಬಾಯಿಂದ ಊದಿದರೆ ಗಾಳಿಗಿಂತ ಎಂಜಲೇ ಹೆಚ್ಚು ಹೋಗುತ್ತದೆ. ಸೇಫ್ಟಿ ಪಿನ್ನು, ಹೇರ್‌ಪಿನ್ನು, ಸೂಜಿ ಕೂಡದು. ಅವು ಪಟ್ಟಿಯನ್ನೇ ಬಗ್ಗಿಸಿಬಿಡುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವವರೂ ಇದ್ದಾರೆ. ಎಣ್ಣೆ ಧೂಳನ್ನು ಹಿಡಿದು ಕೆಸರು ಮಾಡುತ್ತದೆ. ಕೊರೊನಾ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರೂ ಬೇಡ. ಅದರಲ್ಲಿ ನೀರಿರುತ್ತದೆ, ಚರ್ಮ ಒಣಗದಿರಲೆಂದು ಸೇರಿಸಿದ ಗ್ಲಿಸರಿನ್ ಇರುತ್ತದೆ. ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹೆಡ್‌ಫೋನಿನ ಪಿನ್ನಿಗೆ ತೆಳುವಾಗಿ ಸವರಿ, ನಾಲ್ಕು ಸಲ ಹಾಕಿ ತೆಗೆದು, ಚೆನ್ನಾಗಿ ಆರಲು ಬಿಟ್ಟು ಆಮೇಲೆ ಯಂತ್ರ ಹಚ್ಚಬಹುದು.

ತೂತಿನೊಳಗೆ ನೋಡುವಾಗ ಹಳೆಯ ಮ್ಯಾಕ್‌ಬುಕ್ ಇರುವವರಿಗೆ ಒಂದು ವಿಶೇಷ ಕಾಣಬಹುದು. ಒಳಗಿನಿಂದ ಕೆಂಪು ಬೆಳಕು! 2016ಕ್ಕೆ ಮುಂಚಿನ ಅನೇಕ ಮ್ಯಾಕ್‌ಬುಕ್‌ಗಳಲ್ಲಿ ಅದೇ ತೂತು ಬೆಳಕಿನ ತಂತುವಿನ ಮೂಲಕ ಡಿಜಿಟಲ್ ಧ್ವನಿಯನ್ನೂ ಹೊರಗೆ ಕಳಿಸುತ್ತಿತ್ತು. ಒಳಗಿನ ಪುಟ್ಟ ಸ್ವಿಚ್ಚು ಸಿಕ್ಕಿಕೊಂಡರೆ ಬೆಳಕಿನ ತಂತು ಜೋಡಿಸಿದ್ದಾರೆಂದು ಯಂತ್ರ ಭ್ರಮಿಸಿ, ಸ್ಪೀಕರನ್ನು ಮುಚ್ಚಿ ದೀಪ ಹಚ್ಚುತ್ತಿತ್ತು. ರೋಗವೇ ತನ್ನ ಹೆಸರು ಬರೆದು ತೋರಿಸುವ ಇಂಥ ಸೌಕರ್ಯ ಬೇರೆ ಲ್ಯಾಪ್‌ಟಾಪುಗಳಲ್ಲಿ ಅಪರೂಪ.

ತೂತು ಶುಚಿಯಾಗಿದೆ, ಆದರೂ ಮೌನ ಎಂದರೆ ಡ್ರೈವರಿನ ಸರದಿ. ಅಂಗಡಿಯವರು, ಅಣ್ಣಂದಿರು, ಗೆಳೆಯರು ಎಲ್ಲರೂ ಹೇಳುವುದು ‘ಆಫ್ ಮಾಡಿ ಆನ್ ಮಾಡು’. ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಮತ್ತು ‘ರೀಸ್ಟಾರ್ಟ್’ ಒಂದೇ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಸೇರಿದೆ. ಬೆಳಿಗ್ಗೆ ಬೇಗ ಏಳಲೆಂದು, ಶಟ್ ಡೌನ್ ಮಾಡುವಾಗ ಯಂತ್ರ ತನ್ನ ಒಳಗಿನ ಸ್ಥಿತಿಯನ್ನು, ಡ್ರೈವರುಗಳ ಸ್ಥಿತಿಯೂ ಸೇರಿದಂತೆ, ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಎದ್ದಾಗ ಅದನ್ನೇ ಓದಿಕೊಳ್ಳುತ್ತದೆ. ಹೀಗಾಗಿ ರಾತ್ರಿ ಇದ್ದ ತಪ್ಪು ನಂಬಿಕೆ ಬೆಳಿಗ್ಗೆಯೂ ಹಾಗೇ ಇರಬಹುದು. ಹತ್ತು ಸಲ ಆರಿಸಿ ಹಚ್ಚಿದರೂ ಸರಿಯಾಗದ ಲ್ಯಾಪ್‌ಟಾಪು ಒಂದೇ ರೀಸ್ಟಾರ್ಟಿಗೆ ಬಗ್ಗುವುದರ ಗುಟ್ಟು ಇದು. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್ ಡೌನ್ ಮಾಡಿದರೂ ಪೂರ್ತಿ ಆರುತ್ತದೆ.

ಅದಕ್ಕೂ ಬಗ್ಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಬೇಕು. ಅಲ್ಲಿ ‘ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಎಂಬಲ್ಲಿ ಆಡಿಯೊ ಡ್ರೈವರಿನ ಹೆಸರಿದೆ. ಇತ್ತೀಚಿನ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬುದನ್ನು ಒತ್ತಿ ಹಿಂದಿನದಕ್ಕೆ ಮರಳಬಹುದು. ಇಲ್ಲವಾದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸು ತಾನೇ ಡ್ರೈವರನ್ನು ಮತ್ತೆ ಕೂರಿಸುತ್ತದೆ. ಹೊಸ ಡ್ರೈವರು ಬೇಕೆಂದರೆ ಲ್ಯಾಪ್‌ಟಾಪು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಪಡೆಯಬೇಕು. ‘ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿಗೆ ಸರಿಪಡಿಸುತ್ತೇವೆ’ ಎಂದು ಕೂಗುವ ಪುಟಗಳ ಹತ್ತಿರ ಸುಳಿಯದಿರುವುದು ಕ್ಷೇಮ.

ಲಿನಕ್ಸ್ ಬಳಸುವ ವಿದ್ಯಾರ್ಥಿಗಳು ‘ಆಲ್ಸಾಮಿಕ್ಸರ್’ ತೆರೆದು ‘ಸ್ಪೀಕರ್’ ಎಂಬ ಕಂಬದ ಕೆಳಗೆ ಎಂಎಂ ಎಂಬ ಅಕ್ಷರಗಳಿದ್ದರೆ ಎಂ ಒತ್ತಿ ಮ್ಯೂಟ್ ತೆಗೆಯಬೇಕು. ಪಿನ್ನು ಬಂದಾಗ ಸ್ಪೀಕರನ್ನು ಮುಚ್ಚಿಸುವ ‘ಆಟೊ ಮ್ಯೂಟ್ ಮೋಡ್’ ಎಂಬ ಆಯ್ಕೆಯೂ ಹಲವು ಯಂತ್ರಗಳಲ್ಲಿ ಅಲ್ಲೇ ಕಾಣುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿದೊಡನೆ ಸ್ಪೀಕರು ಮಾತಾಡಿದರೆ ಕಳ್ಳ ಸಿಕ್ಕಂತೆ: ಪಟ್ಟಿಯೇ ಸುಳ್ಳು ಹೇಳುತ್ತಿದೆ.

ಲಿನಕ್ಸ್ ವಿಂಡೋಸಿನವರಿಗೂ ಒಂದು ಕಡೆ ಸಹಾಯಕ್ಕೆ ಬರುತ್ತದೆ. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಏನನ್ನೂ ಅಳಿಸದೆ, ಅನುಸ್ಥಾಪಿಸದೆ, ಪೆನ್‌ಡ್ರೈವಿನಿಂದಲೇ ನಡೆಸಬಹುದು. ಅಲ್ಲಿ ಸ್ಪೀಕರು ಮಾತಾಡಿತು ಎಂದರೆ ಸ್ಪೀಕರು, ಜ್ಯಾಕು, ಬೋರ್ಡು ಮೂರೂ ಚೆನ್ನಾಗಿವೆ, ಕೆಟ್ಟಿರುವುದು ವಿಂಡೋಸಿನ ವ್ಯವಸ್ಥೆ. ಅಲ್ಲೂ ಮೌನವಾದರೆ ಅನುಮಾನ ಯಂತ್ರಾಂಶದ ಕಡೆ ಬಲವಾಗಿ ತಿರುಗುತ್ತದೆ. ಹುಡುಗರಿಗೆ ಇದನ್ನು ಮಾಡಲು ಒಂದು ಭಾನುವಾರ ಸಾಕು. ಅಂಗಡಿಗೆ ಹೋಗಬೇಕೇ, ಹೋದರೆ ಏನು ಕೇಳಬೇಕು ಎಂಬ ಪ್ರಶ್ನೆಗೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಅಂಗಡಿಗೆ ಹೋಗಲೇಬೇಕಾದರೆ ‘ಸೌಂಡ್ ಬರ್ತಿಲ್ಲ’ ಎಂದಷ್ಟೇ ಹೇಳಬಾರದು. ಹೆಡ್‌ಫೋನಿನಲ್ಲಿ ಬರುತ್ತದೆ, ಕಿತ್ತರೆ ಸ್ಪೀಕರಿನಲ್ಲಿ ಬರುವುದಿಲ್ಲ, ಲಿನಕ್ಸಿನಲ್ಲೂ ಬರಲಿಲ್ಲ, ಜ್ಯಾಕಿನ ಮೇಲೆ ಅನುಮಾನ ಎಂದು ಬಿಡಿಸಿ ಹೇಳಿದರೆ ಎದುರಿನವನ ದನಿಯೇ ಬದಲಾಗುತ್ತದೆ. ವಾರಂಟಿ ಉಳಿದಿದೆಯೇ ಎಂದು ಮೊದಲು ನೋಡಿಕೊಂಡು, ಉಳಿದಿದ್ದರೆ ಕಂಪನಿಯ ಸೇವಾಕೇಂದ್ರಕ್ಕೇ ಒಯ್ಯಬೇಕು. ಜ್ಯಾಕು ಕೆಲವು ಲ್ಯಾಪ್‌ಟಾಪುಗಳಲ್ಲಿ ಪ್ರತ್ಯೇಕ ಪುಟ್ಟ ಬೋರ್ಡಿನ ಮೇಲಿದ್ದು, ಪಟ್ಟಿತಂತಿಯಿಂದ ಮದರ್‌ಬೋರ್ಡಿಗೆ ಸೇರಿರುತ್ತದೆ. ಆ ಪುಟ್ಟ ಬೋರ್ಡನ್ನಷ್ಟೇ ಬದಲಿಸಬಹುದು. ಇನ್ನು ಕೆಲವದರಲ್ಲಿ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಆಗಲೂ ಬೆಸುಗೆಯಲ್ಲಿ ಕೈ ಪಳಗಿದವರು ಜ್ಯಾಕನ್ನು ಮಾತ್ರ ಬಿಚ್ಚಿ ಬದಲಿಸುತ್ತಾರೆ. ಇಷ್ಟಕ್ಕೆ ಇಡೀ ಮದರ್‌ಬೋರ್ಡು ಬದಲಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಯಾವುದೇ ಆಗಲಿ, ಯಂತ್ರ ಒಪ್ಪಿಸುವ ಮುಂಚೆ ಓದಿನ ಕಡತಗಳ ಪ್ರತಿ ಬೇರೆ ಕಡೆ ಇರಲೇಬೇಕು. ಹೆಡ್‌ಫೋನಿನ ತೂತಿನ ದೋಷಕ್ಕೆ ಫಾರ್ಮ್ಯಾಟ್ ಮೊದಲ ಮದ್ದಲ್ಲ.

ರಿಪೇರಿ ಆಗುವವರೆಗೆ, ಅಥವಾ ಪರೀಕ್ಷೆ ಮುಗಿಯುವವರೆಗೆ, ಇನ್ನೊಂದು ದಾರಿ ಇದೆ. ಯುಎಸ್‌ಬಿ ಸೌಂಡ್ ಅಡಾಪ್ಟರ್ ಎಂಬ ಹೆಬ್ಬೆರಳು ಗಾತ್ರದ ವಸ್ತು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗೆ ತನ್ನದೇ ಪುಟ್ಟ ಕೋಡೆಕ್ಕು ಇರುವುದರಿಂದ ಲ್ಯಾಪ್‌ಟಾಪಿನ ಜ್ಯಾಕು, ಕೋಡೆಕ್ಕು ಎಲ್ಲವನ್ನೂ ಬದಿಗಿಟ್ಟು ಕೆಲಸ ಮಾಡುತ್ತದೆ. ಯುಎಸ್‌ಬಿ ಹೆಡ್‌ಫೋನು, ಯುಎಸ್‌ಬಿ ಸ್ಪೀಕರುಗಳದೂ ಇದೇ ಕಥೆ. ಅಂದದ್ದಲ್ಲ, ಆದರೆ ಪಾಠ ನಿಲ್ಲುವುದಿಲ್ಲ.

ಇದುವರೆಗೆ ಹೇಳಿದ ಎಲ್ಲ ಪರೀಕ್ಷೆಗಳೂ ಪರದೆ ಕಾಣುವವರಿಗೆ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಧ್ವನಿ ಹೋಯಿತೆಂದರೆ ಪಾಠ ಮಾತ್ರವಲ್ಲ, ಪರದೆಯೇ ಹೋದಂತೆ. ಅನೇಕರು ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಇದನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಸ್ವತಃ ದೃಷ್ಟಿಹೀನರು. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಹಾಸ್ಟೆಲಿನಲ್ಲಿ ರಾತ್ರಿ ಗೆಳೆಯರಿಗೆ ತೊಂದರೆಯಾಗದಿರಲೆಂದು ಹೆಡ್‌ಫೋನು ಹಾಕಿಕೊಂಡು ಓದಿ, ಬೆಳಿಗ್ಗೆ ಕಿತ್ತಾಗ ಯಂತ್ರ ಮೌನವಾದರೆ, ಏನಾಗಿದೆ ಎಂದು ಯಂತ್ರವನ್ನೇ ಕೇಳುವ ದಾರಿಯೂ ಮುಚ್ಚಿರುತ್ತದೆ. ಚಿಹ್ನೆ ಒತ್ತಿ ನೋಡು ಎನ್ನುವ ಸಲಹೆ ಅವರಿಗೆ ಉಪಯೋಗವಿಲ್ಲ.

ಇಲ್ಲಿ ಮೊದಲ ನೆರವು ಪಿನ್ನನ್ನು ಮತ್ತೆ ಹಾಕುವುದೇ. ಹೆಡ್‌ಫೋನಿನಲ್ಲಿ ದನಿ ಮರಳಿದರೆ ಉಳಿದ ಪರೀಕ್ಷೆಗಳನ್ನೆಲ್ಲ ಅದನ್ನು ಕೇಳುತ್ತಲೇ, ಕೀಲಿಮಣೆಯಿಂದಲೇ ಮಾಡಬಹುದು. ವಿಂಡೋಸ್ 11ರ 2022ರ ಅಪ್‌ಡೇಟ್ ಮತ್ತು ಆಮೇಲಿನವುಗಳಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್ ಮತ್ತು ವಿ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಧ್ವನಿಯ ವಿಳಾಸಗಳ ಪಟ್ಟಿ ನೇರ ತೆರೆಯುತ್ತದೆ. ಬಾಣದ ಕೀಲಿಗಳಿಂದ ಓಡಾಡಿ ಎಂಟರ್ ಒತ್ತಬಹುದು. ಎನ್‌ವಿಡಿಎಯ ಸೆಟ್ಟಿಂಗ್ಸಿನಲ್ಲೂ ದನಿ ಎಲ್ಲಿ ಬರಬೇಕೆಂಬ ಪ್ರತ್ಯೇಕ ಆಯ್ಕೆ ಇದೆ. ಅಲ್ಲಿ ಹಳೆಯ ಹೆಡ್‌ಫೋನಿನ ಹೆಸರು ಉಳಿದಿದ್ದರೆ ಬದಲಿಸಬೇಕು.

ಪಿನ್ನು ಹಾಕಿದರೂ ದನಿ ಇಲ್ಲವಾದರೆ ಯುಎಸ್‌ಬಿ ಹೆಡ್‌ಫೋನು ಬೇಕು. ಚುಚ್ಚಿದೊಡನೆ ವಿಂಡೋಸು ಸಾಮಾನ್ಯವಾಗಿ ತಾನಾಗಿಯೇ ಧ್ವನಿಯನ್ನು ಅದಕ್ಕೆ ತಿರುಗಿಸುತ್ತದೆ, ಪರದೆ ನೋಡಿ ಏನನ್ನೂ ಆರಿಸಬೇಕಾಗಿಲ್ಲ. ಅಂಥ ಮಕ್ಕಳಿರುವ ಮನೆಯವರು ಅದನ್ನು ಒಂದು ಸಲ ತಂದು, ಯಂತ್ರ ಚೆನ್ನಾಗಿರುವಾಗಲೇ ಮಗುವಿನ ಕೈಯಿಂದಲೇ ಚುಚ್ಚಿಸಿ, ದನಿ ಬರುತ್ತದೆಂದು ಖಚಿತಪಡಿಸಿಕೊಂಡು, ಚೀಲದ ಒಂದು ಗೊತ್ತಾದ ಜೇಬಿನಲ್ಲಿ ಇಟ್ಟಿರಬೇಕು.